ಬೆರಳು ಕಲಿತ ವಿದ್ಯೆ

ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಸಾಸಿವೆ ಡಬ್ಬಿ ಎಲ್ಲಿದೆ ಎಂದು ನಾವು ಹುಡುಕುತ್ತ ನಿಲ್ಲುವುದಿಲ್ಲ. ಕಣ್ಣು ಬಾಣಲೆಯ ಮೇಲೆಯೇ ಇರುತ್ತದೆ, ಕೈ ಆಗಲೇ ಡಬ್ಬಿಯ ಮುಚ್ಚಳ ತೆಗೆದಿರುತ್ತದೆ. ಇದನ್ನು ಯಾರೂ ವಿದ್ಯೆ ಎಂದು ಕರೆಯುವುದಿಲ್ಲ, ಸರ್ಟಿಫಿಕೇಟಂತೂ ಕೊಡುವುದೇ ಇಲ್ಲ. ಆದರೂ ಇದು ವಿದ್ಯೆಯೇ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರಿಗೆ ಇದು ಗೊತ್ತು. ಇಂದಿನ ಕಂಪ್ಯೂಟರಿನ ಕೀಲಿಮಣೆಯಲ್ಲೂ ಎಫ್ ಮತ್ತು ಜೆ ಅಕ್ಷರಗಳ ಮೇಲೆ ಸಣ್ಣ ಗೆರೆಯೊಂದು ಉಬ್ಬಿರುತ್ತದೆ, ಮುಟ್ಟಿ ನೋಡಿ. ಅದು ಕಣ್ಣಿಗಲ್ಲ, ಬೆರಳಿಗೆ ಇಟ್ಟ ಗುರುತು.

ಈ ವಿದ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಯಾರಿಸಿದ ಒಂದು ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. 2016ರ ಅಕ್ಟೋಬರಿನಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ ಪ್ರೋ ಲ್ಯಾಪ್‌ಟಾಪಿನ ದುಬಾರಿ ಮಾದರಿಗಳಲ್ಲಿ ಕೀಲಿಮಣೆಯ ಮೇಲಿನ ಸಾಲನ್ನೇ ತೆಗೆದುಹಾಕಿತು. ಎಫ್1ರಿಂದ ಎಫ್12ರವರೆಗಿನ ಕೀಗಳು ಹೋದವು, ಮೂಲೆಯ ಎಸ್ಕೇಪ್ ಕೀ ಕೂಡ ಹೋಯಿತು. ಆ ಜಾಗದಲ್ಲಿ ಟಚ್ ಬಾರ್ ಎಂಬ ಹೊಳೆಯುವ ಗಾಜಿನ ಪಟ್ಟಿ ಬಂತು. ಮಾಡುತ್ತಿರುವ ಕೆಲಸಕ್ಕೆ ತಕ್ಕಂತೆ ಅದರ ಮೇಲಿನ ಗುಂಡಿಗಳ ಚಿತ್ರ ಬದಲಾಗುತ್ತಿತ್ತು. ಫೋಟೋ ತಿದ್ದುವವರಿಗೆ, ಹಾಡಿನ ಸದ್ದು ಏರಿಸಿ ಇಳಿಸುವವರಿಗೆ ಅದು ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ.

ಕಷ್ಟವಾದದ್ದು ಪ್ರೋಗ್ರಾಂ ಬರೆಯುವವರಿಗೆ. ಬರೆದ ಪ್ರೋಗ್ರಾಂ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಅವರು ಒಂದೊಂದೇ ಸಾಲು ನಡೆಸಿ ನೋಡುತ್ತಾರೆ. ಅದಕ್ಕೆ ಬೇಕಾದದ್ದೇ ಈ ಎಫ್ ಸಾಲಿನ ಕೀಗಳು. ಇನ್ನು ‘ವಿಮ್’ ಎಂಬ ಬರವಣಿಗೆಯ ತಂತ್ರಾಂಶ ಬಳಸುವವರು ಅಕ್ಷರ ಹೊಡೆಯುವುದನ್ನು ನಿಲ್ಲಿಸಿ ತಿದ್ದುವುದಕ್ಕೆ ಹೊರಡುವಾಗಲೆಲ್ಲ ಸಾಮಾನ್ಯವಾಗಿ ಎಸ್ಕೇಪ್ ಒತ್ತುತ್ತಾರೆ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. “ದೊಡ್ಡಮ್ಮಾ, ಆ ಕೀ ದಿನಕ್ಕೆ ಎಷ್ಟು ಸಲ ಒತ್ತುತ್ತೀನೋ ನನಗೇ ಗೊತ್ತಿಲ್ಲ, ಕೈಗೆ ಗೊತ್ತು” ಎನ್ನುತ್ತಾಳೆ.

ಗಾಜಿಗೆ ಉಬ್ಬಿಲ್ಲ, ತಗ್ಗಿಲ್ಲ. ಒತ್ತಿದೆನೋ ಇಲ್ಲವೋ ಎಂದು ತಿಳಿಯಲು ತಲೆ ಬಗ್ಗಿಸಿ ನೋಡಬೇಕು. ಬೆರಳು ಸುಮ್ಮನೆ ಸೋಕಿದರೂ ಅದು ಒತ್ತಿದ ಲೆಕ್ಕ. ಕಣ್ಣು ಕಾಣದವರಿಗಾಗಿ ಗುಂಡಿಯ ಹೆಸರನ್ನು ಓದಿ ಹೇಳುವ ಏರ್ಪಾಡು ಇತ್ತು, ನಿಜ. ಆದರೆ ಮೊದಲು ಮುಟ್ಟಿ ಕೇಳಿಸಿಕೊಂಡು, ಆಮೇಲೆ ಎರಡು ಸಲ ತಟ್ಟಬೇಕು. ಒಂದು ಒತ್ತಿಗೆ ಮುಗಿಯುತ್ತಿದ್ದ ಕೆಲಸ ಮೂರು ಹಂತದ್ದಾಯಿತು.

ಹಾಗಾದರೆ ಹಳೆಯದೆಲ್ಲ ಶ್ರೇಷ್ಠವೇ ಎಂದು ನೀವು ಕೇಳಬಹುದು. ಹಾಗೇನಿಲ್ಲ. ವಿಮ್‌ಗೆ ಮೂಲವಾದ ‘ವಿಐ’ ತಂತ್ರಾಂಶವನ್ನು ಬಿಲ್ ಜಾಯ್ ಎಂಬುವರು 1976ರಲ್ಲಿ ಬರೆದಾಗ ಅವರು ಬಳಸಿದ ಯಂತ್ರದಲ್ಲಿ ಎಸ್ಕೇಪ್ ಕೀ ಇದ್ದದ್ದು ಈಗಿನ ಟ್ಯಾಬ್ ಕೀಯ ಜಾಗದಲ್ಲಿ, ಕಿರುಬೆರಳಿನ ಪಕ್ಕದಲ್ಲೇ. ಆಮೇಲೆ ಅದು ದೂರದ ಮೂಲೆಗೆ ಹೋಯಿತು, ಜನ ಅಲ್ಲಿಗೂ ಕೈ ಚಾಚಲು ಕಲಿತರು. ಕೀ ಜಾಗ ಬದಲಿಸಿದರೆ ಬೆರಳು ಮತ್ತೆ ಕಲಿತೀತು. ಕೀಯೇ ಇಲ್ಲದಿದ್ದರೆ ಏನನ್ನು ಕಲಿಯಬೇಕು?

ಆದರೂ ಅವರು ದಾರಿ ಹುಡುಕಿಕೊಂಡರು. ಕ್ಯಾಪ್ಸ್ ಲಾಕ್ ಕೀಯನ್ನೇ ಎಸ್ಕೇಪ್ ಮಾಡಿಕೊಂಡವರಿದ್ದರು. ಅದಕ್ಕೆ ಅನುಕೂಲವನ್ನು ಕಂಪನಿಯೇ ಸೆಟ್ಟಿಂಗ್‌ನಲ್ಲಿ ಒದಗಿಸಿತ್ತು. ಬೇರೊಂದು ಕೀಲಿಮಣೆ ಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡವರಿದ್ದರು. ಕೆಲವರು ಪಟ್ಟಿಯ ಮೇಲೆ ಸದಾ ಎಫ್1, ಎಫ್2 ಎಂದೇ ಕಾಣುವಂತೆ ಮಾಡಿಕೊಂಡರು. ಅಂದರೆ ಇದ್ದ ಕೀಗಳನ್ನು ಕಿತ್ತು, ಅವುಗಳ ಚಿತ್ರವನ್ನು ಅಲ್ಲೇ ಅಂಟಿಸಿದಂತಾಯಿತು!

ನನಗೆ ಮುಖ್ಯವೆನಿಸುವುದು ಈ ಒಗ್ಗಿಕೊಳ್ಳುವಿಕೆ. ‘ಪಾಪ, ಹೊಂದಿಕೊಂಡು ಹೋದಳು’ ಎಂಬ ಹೊಗಳಿಕೆ ಹೆಂಗಸರಾದ ನಮಗೆ ಹೊಸದಲ್ಲ. ಹೊಂದಿಕೊಂಡಳಲ್ಲ, ಹಾಗಾದರೆ ವ್ಯವಸ್ಥೆ ಸರಿಯಾಗಿಯೇ ಇರಬೇಕು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಹೊಂದಿಕೊಳ್ಳಲು ಅವಳು ಪಟ್ಟ ಶ್ರಮ ಯಾರ ಲೆಕ್ಕದಲ್ಲೂ ಬರುವುದಿಲ್ಲ. ವಸ್ತುಗಳ ವಿಷಯದಲ್ಲೂ ಅಷ್ಟೆ. ಬಳಸುವವರು ಒಗ್ಗಿಕೊಂಡರು ಎಂಬುದು ಅವರ ಜಾಣತನಕ್ಕೆ ಸಾಕ್ಷಿಯೇ ಹೊರತು ತಯಾರಿಸಿದವರ ಜಾಣತನಕ್ಕಲ್ಲ.

ಪ್ರೋಗ್ರಾಂ ಬರೆಯುವವರು ಒಗ್ಗಿಕೊಂಡು ಸುಮ್ಮನಿರಲಿಲ್ಲ, ದೂರುತ್ತಲೂ ಇದ್ದರು. 2019ರಲ್ಲಿ ಎಸ್ಕೇಪ್ ಕೀ ಮರಳಿ ಬಂತು. 2021ರ ಹೊಸ ಮಾದರಿಗಳಲ್ಲಿ ಇಡೀ ಸಾಲೇ ಬಂತು. ಪಟ್ಟಿಯಿದ್ದ ಕೊನೆಯ ಮಾದರಿಯ ಮಾರಾಟ 2023ರಲ್ಲಿ ನಿಂತಿತು. ಇದಕ್ಕೆ ಮೊದಲೇ, 2014ರಲ್ಲಿ, ಲೆನೊವೊ ಕಂಪನಿ ತನ್ನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಲ್ಯಾಪ್‌ಟಾಪಿನಲ್ಲಿ ಇಂಥದ್ದೇ ಪಟ್ಟಿ ಇಟ್ಟು ಮರುವರ್ಷವೇ ತೆಗೆದಿತ್ತು. ಪಾಠ ಕಣ್ಣೆದುರಿಗೇ ಇತ್ತು, ಓದುವವರಿರಲಿಲ್ಲ.

ಅವರ ದೂರಿಗೆ ಬೆಲೆ ಸಿಕ್ಕಿತು. ನಮ್ಮ ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್ನುಗಳ ಮೇಲೂ ಈಗ ಇಂಥದೇ ನುಣುಪು ಗಾಜು ಬಂದಿದೆ. ಒದ್ದೆ ಕೈಯಲ್ಲಿ ಒತ್ತಿದರೆ ಕೇಳದು, ಕನ್ನಡಕವಿಲ್ಲದೆ ಕಾಣದು. ಮುಂದಿನ ಸಲ ಅಂಗಡಿಗೆ ಹೋದಾಗ ಕಣ್ಣು ಮುಚ್ಚಿಕೊಂಡು ಗುಂಡಿ ಹುಡುಕಿ ನೋಡಿ. ಸಿಗದಿದ್ದರೆ ಅಂಗಡಿಯವರಿಗೆ ಹೇಳಿ. ‘ಅಭ್ಯಾಸವಾಗುತ್ತೆ ಬಿಡಿ ಮೇಡಂ’ ಎಂದರೆ ಅಷ್ಟಕ್ಕೇ ಬಿಡಬೇಡಿ.