ಕ್ಯಾಮೆರಾ ಕೈ ಬದಲಾದಾಗ

ಹುಡುಗಿಯೊಬ್ಬಳು ಮೈಕೆಲ್ ಜಾಕ್ಸನ್ ಹಾಡಿಗೆ ಕುಣಿಯುತ್ತಿದ್ದಾಳೆ. ಯಾರೂ ಹೇಳಿಕೊಟ್ಟ ಕುಣಿತವಲ್ಲ. ಮೈಯೊಳಗೆ ಹೊಕ್ಕ ತಾಳ ಹೊರಬರಲು ದಾರಿ ಹುಡುಕುತ್ತಿರುವಂತಿದೆ. ಮೊಬೈಲ್ ಫೋನಿನಲ್ಲಿ ತೆಗೆದ ದೃಶ್ಯ. ಚಿತ್ರಮಂದಿರದಲ್ಲಿ ನಾವು ಕಾಣುವ ಬೆಳಕಿನ ಹೊಳಪು ಇಲ್ಲಿಲ್ಲ, ಆದರೂ ಕಣ್ಣು ಕೀಳಲಾಗುವುದಿಲ್ಲ. ಇವಳು ನರ್ಗಿಸ್. ‘ಮಿಡ್‌ನೈಟ್ ಟ್ರಾವೆಲರ್’ ಎಂಬ 2019ರ ಸಾಕ್ಷ್ಯಚಿತ್ರದ ಹುಡುಗಿ. ಅವಳ ಅಪ್ಪ ಹಸನ್ ಫಾಜಿಲಿ ಅಫ್ಘಾನಿಸ್ತಾನದ ಚಿತ್ರ ನಿರ್ದೇಶಕ. ಆಯುಧ ಕೆಳಗಿಟ್ಟ ತಾಲಿಬಾನ್ ಕಮಾಂಡರ್ ಒಬ್ಬನ ಮೇಲೆ ಚಿತ್ರ ಮಾಡಿದ್ದಕ್ಕೆ ತಾಲಿಬಾನಿಗಳು ಆತನ ತಲೆಗೆ ಬೆಲೆ ಕಟ್ಟಿದರು. 2015ರಲ್ಲಿ ಹೆಂಡತಿ ಫಾತಿಮಾ, ಮಕ್ಕಳು ನರ್ಗಿಸ್ ಮತ್ತು ಝಹ್ರಾ ಜೊತೆ ಊರು ಬಿಟ್ಟ ಹಸನ್ ಮೊದಲು ಹೋದದ್ದು ತಜಿಕಿಸ್ತಾನಕ್ಕೆ. ಅಲ್ಲಿ ಆಶ್ರಯ ಸಿಗದೆ ಮರಳಿ ಅಫ್ಘಾನಿಸ್ತಾನ, ಅಲ್ಲಿಂದ ಇರಾನ್, ಟರ್ಕಿ, ಬಲ್ಗೇರಿಯ, ಸರ್ಬಿಯ, ಹಂಗೇರಿ. ಕೈಯಲ್ಲಿದ್ದದ್ದು ಮೂರು ಮೊಬೈಲುಗಳು. ಚಿತ್ರೀಕರಣ ಅಪ್ಪನೊಬ್ಬನದೇ ಅಲ್ಲ. ಅಮ್ಮನೂ ತೆಗೆದಳು, ಮಕ್ಕಳೂ ತೆಗೆದರು. ತೆಗೆದದ್ದನ್ನು ಮೆಮೊರಿ ಕಾರ್ಡುಗಳಲ್ಲಿ ತುಂಬಿಸಿ ಅಮೆರಿಕದಲ್ಲಿದ್ದ ಎಮಿಲೀ ಮಹದವಿಯನ್ ಎಂಬಾಕೆಗೆ ತಲುಪಿಸುತ್ತ ಹೋದರು. ಆಕೆ ಅದನ್ನು ಸಂಕಲಿಸಿ ಬರೆದು ಒಂದು ಆಕಾರಕ್ಕೆ ತಂದರು.

ಈ ಚಿತ್ರದಲ್ಲಿ ಗಡಿ ದಾಟುವ ಕತ್ತಲಿದೆ, ಕಾಡಿದೆ, ಮೋಸ ಮಾಡುವ ದಲ್ಲಾಳಿಗಳಿದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ. ಸರ್ಬಿಯದ ಶಿಬಿರದಲ್ಲಿ ಹಿಮ ಬೀಳುತ್ತದೆ, ಮಕ್ಕಳು ಅದರಲ್ಲಿ ಆಡುತ್ತಾರೆ. ನರ್ಗಿಸ್‌ಗೆ ಬೇಸರವಾಗುತ್ತದೆ, ಬೇಸರ ಎಂದು ಬಾಯಿಬಿಟ್ಟು ಹೇಳಿ ಅಳುತ್ತಾಳೆ. ಟಿವಿ ಸುದ್ದಿಯವರು ನಿರಾಶ್ರಿತರ ಹಸಿವನ್ನು ತೋರಿಸುತ್ತಾರೆ, ಭಯವನ್ನು ತೋರಿಸುತ್ತಾರೆ. ಬೇಸರವನ್ನು ಅವರು ತೋರಿಸಿದ್ದನ್ನು ನಾನು ಕಂಡಿಲ್ಲ. ಅದನ್ನು ಹಿಡಿಯಬೇಕಾದರೆ ಅಷ್ಟು ದಿನ ಜೊತೆಯಲ್ಲೇ ಇರಬೇಕು. ಮಗಳ ಪಕ್ಕದಲ್ಲಿ ಅಪ್ಪನಂತೆ ಕೂತಿರಬೇಕು. ಮುಂದಿನ ಊರಿಗೆ ಹೋಗುವ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯುವ ಮಗುವಿನ ಬೇಸರ ಎಷ್ಟು ದಟ್ಟ ಎಂದು ಆ ಅಳು ನೋಡಿದಾಗ ನನಗೆ ಅರ್ಥವಾಯಿತು. ನಮ್ಮ ಅಲಂಕಾರಶಾಸ್ತ್ರ ಕರುಣರಸಕ್ಕೆ ಶೋಕವನ್ನು ಸ್ಥಾಯಿ ಎಂದು ಹೇಳುತ್ತದೆ. ಆ ಶೋಕ ನೋಡುವವನ ಎದೆಯಲ್ಲಿ ರಸವಾಗಬೇಕಾದರೆ ಅದು ಇನ್ನೊಬ್ಬರ ಸಂಕಟವಾಗಿ ದೂರ ನಿಲ್ಲಬಾರದು, ಎಲ್ಲರದೂ ಆಗಬೇಕು. ಯಾವ ಮಗುವಿಗೆ ಬೇಸರ ಗೊತ್ತಿಲ್ಲ? ಆ ಒಂದು ಬಾಗಿಲಿನಿಂದ ಇಡೀ ವಲಸೆ ನಮ್ಮೊಳಗೆ ಬರುತ್ತದೆ.

ಇನ್ನೊಂದು ಘಟ್ಟವಿದೆ. ಚಿಕ್ಕವಳು ಝಹ್ರಾ ಒಂದು ದಿನ ಕಾಣೆಯಾಗುತ್ತಾಳೆ. ಹುಡುಕುತ್ತ ಓಡುವಾಗ ಹಸನ್‌ಗೆ ಒಂದು ಕ್ಷಣ ಹೊಳೆಯುತ್ತದೆ: ಅವಳು ಸಿಗುವ ಗಳಿಗೆಯನ್ನು ತೆಗೆದರೆ ಚಿತ್ರಕ್ಕೆ ಎಂಥ ದೃಶ್ಯ! ಹಾಗೆ ಹೊಳೆದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು ಎಂದು ಆತ ಹೇಳಿಕೊಳ್ಳುತ್ತಾನೆ. ಮಗಳು ಸಿಕ್ಕಿದಳು, ಆ ಹುಡುಕಾಟವನ್ನು ಆತ ಚಿತ್ರೀಕರಿಸಿರಲಿಲ್ಲ. ತೋರಿಸದೆ ಬರಿದೇ ಮಾತಿನಲ್ಲಿ ಹೇಳುವ ಆ ಭಾಗದಷ್ಟು ಗಟ್ಟಿಯಾದ ಸಿನಿಮಾವನ್ನು ನಾನು ಕಡಿಮೆ ಕಂಡಿದ್ದೇನೆ. ಯಾವುದನ್ನು ತೆಗೆಯಬಾರದು ಎಂಬ ಅರಿವು ಸಂಕಟಪಟ್ಟವನ ಕೈಗೇ ಕ್ಯಾಮೆರಾ ಬಂದಾಗ ಹೀಗೆ ಕಾಣಿಸಿಕೊಳ್ಳುತ್ತದೆ.

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಲ್ಲಿ ಕೂತವನಿಗೆ ಅಫ್ಘಾನಿಸ್ತಾನದ ಈ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮೈಸೂರು ಜಿಲ್ಲೆಯೊಳಗೇ ನಿರಾಶ್ರಿತರ ಊರುಗಳಿವೆ. ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3000 ಎಕರೆ ಜಾಗದಲ್ಲಿ 1961ರ ಹೊತ್ತಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ಮೊದಲ ನೆಲೆ ಎದ್ದಿತು. ಆಮೇಲೆ ಹುಣಸೂರಿನ ಗುರುಪುರ, ಆ ಕಡೆ ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯ. ಜನ ಇವನ್ನೆಲ್ಲ ಕ್ಯಾಂಪು ಎಂದೇ ಕರೆಯುತ್ತಾರೆ. ಹಿಮದ ಪ್ರಸ್ಥಭೂಮಿಯಿಂದ ಬಂದವರು ಆನೆ ಓಡಾಡುವ ಕಾಡು ಕಡಿದು, ಸೆಕೆಗೆ ಬೆಂದು, ಮುಸುಕಿನ ಜೋಳ ಬೆಳೆಯಲು ಕಲಿತರು. ಚಳಿಗಾಲ ಬಂದರೆ ಅವರಲ್ಲಿ ಕೆಲವರು ಮೈಸೂರಿನಲ್ಲಿ ಸ್ವೆಟರ್ ಮಾರುತ್ತಾರೆ. ನಾವು ಬೆಲೆ ಚೌಕಾಸಿ ಮಾಡಿ, ಹಾಕಿ ನೋಡಿ, ತಂದುಕೊಳ್ಳುತ್ತೇವೆ. ಅರವತ್ತು ವರ್ಷ ದಾಟಿದ ನೆರೆಹೊರೆ ಇದು. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನಾಮ್‌ಡ್ರೋಲಿಂಗ್‌ನ ಚಿನ್ನದ ಬಣ್ಣದ ಬುದ್ಧರ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೇವೆ. ಆ ಮಠದ ಆಚೆ ಕ್ಯಾಂಪಿನ ಓಣಿಯಲ್ಲಿ ಜಗಲಿಯ ಮೇಲೆ ಜಪಮಾಲೆ ಹಿಡಿದು ಕೂತ ಅಜ್ಜಿ ಯಾವ ದಾರಿಯಿಂದ ಬಂದರು, ಜೊತೆಗೆ ಹೊರಟವರಲ್ಲಿ ಎಷ್ಟು ಜನ ತಲುಪಿದರು, ನಮಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.

ಟಿಬೆಟಿಯನ್ನರು ತಮ್ಮ ಕಥೆಯನ್ನು ತಾವೇ ಚಿತ್ರವಾಗಿಸಿದ್ದಕ್ಕೆ ದೊಡ್ಡ ಪರಂಪರೆಯೇ ಇದೆ. ಅದರಲ್ಲಿ ನನಗೆ ಬಹಳ ಪ್ರಿಯವಾದದ್ದು ‘ಲೀವಿಂಗ್ ಫಿಯರ್ ಬಿಹೈಂಡ್’. 25 ನಿಮಿಷದ ಚಿತ್ರ. ಧೊಂಡುಪ್ ವಾಂಗ್‌ಚೆನ್ ರೈತ ಮನೆತನದವನು, ಸಿನಿಮಾ ಓದಿದವನಲ್ಲ. ಗೊಲೊಗ್ ಜಿಗ್ಮೆ ಎಂಬ ಭಿಕ್ಷು ಜೊತೆಗಾರ. ಇಬ್ಬರೂ 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ ಟಿಬೆಟಿನ ಹಳ್ಳಿಗಾಡು ಸುತ್ತಿ 108 ಜನರನ್ನು ಮಾತಾಡಿಸಿದರು. ಜಪಮಾಲೆಯ ಮಣಿಗಳ ಲೆಕ್ಕವೂ ಅದೇ. ತೆಗೆದದ್ದು ದೇಶ ದಾಟಿದ ಕೆಲವೇ ದಿನಗಳಲ್ಲಿ ಧೊಂಡುಪ್ ಸೆರೆಯಾದ. ಆರು ವರ್ಷ ಜೈಲು. ಈ ಚಿತ್ರದ ಸೊಗಸು ಮುಖಗಳಲ್ಲಿದೆ. ಮುಖ ಮುಚ್ಚದೆ ಮಾತಾಡಲು ಹಲವರು ಒಪ್ಪಿದ್ದರು. ಗಾಳಿಗೆ ಒಡೆದ ಕೆನ್ನೆ, ಬಿಸಿಲಿಗೆ ಕುಗ್ಗಿದ ಕಣ್ಣು, ಮಾತಿನ ನಡುವೆ ಬರುವ ಮೌನ. ಒಂದು ಕಡೆ ಈ ಇಬ್ಬರು ಜನರಿಗೆ ಒಂದು ವಿಡಿಯೊ ತೋರಿಸುತ್ತಾರೆ: ದಲೈ ಲಾಮಾ ಅಮೆರಿಕದಲ್ಲಿ ಚಿನ್ನದ ಪದಕ ಸ್ವೀಕರಿಸುವ ವಿಡಿಯೊ. ಕ್ಯಾಮೆರಾ ಆಗ ಪರದೆಯ ಕಡೆಗಿಲ್ಲ, ನೋಡುವವರ ಕಡೆಗಿದೆ. ಕೈ ಜೋಡಿಸಿ, ಕಣ್ಣು ತುಂಬಿ, ಅಲುಗಾಡದೆ ಕೂತ ಆ ಮನೆಮಂದಿಯನ್ನು ನೋಡುವಾಗ ಪ್ರೇಕ್ಷಕರಾಗುವುದು ಎಷ್ಟು ದೊಡ್ಡ ಕ್ರಿಯೆ ಎಂದು ಅನಿಸುತ್ತದೆ. ತಮ್ಮ ನೆಲದಲ್ಲೇ ಇದ್ದೂ ತಮ್ಮ ಗುರುವಿನಿಂದ ದೂರವಾಗಿ ಗಡಿಪಾರಾದಂತಿರುವವರು ಅವರು. ದೇಶ ಬಿಟ್ಟವರು ಮಾತ್ರ ಪರದೇಶಿಗಳಲ್ಲ ಎಂದು ಆ ಒಂದು ದೃಶ್ಯ ಮಾತಿಲ್ಲದೆ ಹೇಳಿಬಿಡುತ್ತದೆ.

‘ಬ್ರಿಂಗಿಂಗ್ ಟಿಬೆಟ್ ಹೋಮ್’ ಇನ್ನೊಂದು ಬಗೆಯದು. ಕಲಾವಿದ ತೆನ್‌ಜಿಂಗ್ ರಿಗ್ದೊಲ್ ಟಿಬೆಟಿನಿಂದ 20 ಟನ್ ಮಣ್ಣು ತರಿಸಿ, 2011ರ ಅಕ್ಟೋಬರಿನಲ್ಲಿ ಧರ್ಮಶಾಲೆಯ ಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ವೇದಿಕೆ ಕಟ್ಟಿ ಹರಡಿದ. ಊರಿಗೆ ಮರಳುವ ಆಸೆ ಈಡೇರದೆ ತೀರಿಕೊಂಡ ಅಪ್ಪ ಅದಕ್ಕೆ ಪ್ರೇರಣೆ. ಅದರ ಹಿಂದಿನ ಓಡಾಟವನ್ನೆಲ್ಲ ಗೆಳೆಯ ತೆನ್‌ಜಿನ್ ಸೆತೆನ್ ಚೋಕ್ಲೆ ಚಿತ್ರಿಸಿದ. ಟಿಬೆಟನ್ನು ನೋಡಿಯೇ ಇಲ್ಲದ ಎಳೆಯರು ಆ ಮಣ್ಣಿನ ಮೇಲೆ ನಡೆದರು. ವಯಸ್ಸಾದವರು ಹಣೆಗೆ ಒತ್ತಿಕೊಂಡರು, ಒಂದು ಹಿಡಿ ಕಟ್ಟಿಕೊಂಡು ಮನೆಗೊಯ್ದರು. ಮೊದಲ ಹೆಜ್ಜೆ ಇಡುವ ಮುನ್ನ ಕಾಲು ಒಂದಿಷ್ಟು ತಡೆಯುತ್ತದಲ್ಲ, ಆ ತಡೆಯನ್ನು ಚೋಕ್ಲೆ ಕಾಯ್ದು ಹಿಡಿದಿದ್ದಾನೆ.

ಜೊತೆಗೂಡಿ ಚಿತ್ರ ಮಾಡುವ ಮಾತಿಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಚಿತ್ರ ‘ಚೌಕಾ, ಪ್ಲೀಸ್ ಟೆಲ್ ಅಸ್ ದ ಟೈಮ್’ (2017). ಕುರ್ದಿ ಲೇಖಕ ಬೆಹ್ರೂಜ್ ಬೂಚಾನಿಯನ್ನು ಆಸ್ಟ್ರೇಲಿಯ ಸರ್ಕಾರ ಪಪುವಾ ನ್ಯೂಗಿನಿಯ ಮನುಸ್ ದ್ವೀಪದಲ್ಲಿ ಬಂಧಿಸಿಟ್ಟಿತ್ತು. ಆತ ಒಳಗಿಂದ ಗುಟ್ಟಾಗಿ ಫೋನಿನಲ್ಲಿ ಚಿತ್ರೀಕರಿಸಿದ. ತುಣುಕು ತುಣುಕಾಗಿ ನೆದರ್‌ಲೆಂಡ್ಸ್‌ನಲ್ಲಿದ್ದ ಸಹ ನಿರ್ದೇಶಕ ಆರಶ್ ಕಮಾಲಿ ಸರ್ವೆಸ್ತಾನಿಗೆ ಕಳಿಸಿದ. ಚೌಕಾ ಎನ್ನುವುದು ಆ ದ್ವೀಪದ ಹಕ್ಕಿ. ಅದರ ಕೂಗು ಕೇಳಿ ಅಲ್ಲಿನ ಜನ ಹೊತ್ತು ತಿಳಿಯುತ್ತಾರೆ. ಅವರ ಬಾವುಟದ ಮೇಲೂ ಅದೇ ಹಕ್ಕಿ. ಬಂದೀಖಾನೆಯೊಳಗಿನ ಒಂಟಿ ಕೋಣೆಗೂ ಅಧಿಕಾರಿಗಳು ಅದೇ ಹೆಸರಿಟ್ಟಿದ್ದರು. ಚಿತ್ರದಲ್ಲಿ ದ್ವೀಪದ ಜನ ಆ ಹಕ್ಕಿಯ ಬಗ್ಗೆ ಪ್ರೀತಿಯಿಂದ ಮಾತಾಡುತ್ತಾರೆ, ತಮ್ಮ ಹಕ್ಕಿಯ ಹೆಸರನ್ನು ಶಿಕ್ಷೆಯ ಕೋಣೆಗೆ ಇಟ್ಟದ್ದಕ್ಕೆ ನೋಯುತ್ತಾರೆ. ಬಂದಿಗಳು ಆ ಕೋಣೆಯ ಕಥೆ ಹೇಳುತ್ತಾರೆ. ಹಕ್ಕಿಯ ಒಂದು ಕೂಗಿನಲ್ಲಿ ಎರಡೂ ಕಡೆಯವರ ದುಃಖ ಕೂಡುತ್ತದೆ. ಆಶ್ರಯ ಬೇಡಿ ಬಂದವರ ಕಥೆ ಹೇಳುವಾಗ ಆ ನೆಲದವರನ್ನೂ ಜೊತೆಗೆ ಕೂರಿಸಿದರೆ ಇಬ್ಬರಿಗೂ ಬೆಳಕು ಬೀಳುತ್ತದೆ. ಈ ಚಿತ್ರ ನೋಡಿದಂದಿನಿಂದ ಬಿಳಿಗೆರೆಯನ್ನೂ ಗುರುಪುರವನ್ನೂ ಒಟ್ಟಿಗೆ ನೆನೆಯುವುದು ನನಗೆ ರೂಢಿಯಾಗಿದೆ.

ಯಾಕೆಂದರೆ ನೆಲೆ ಕಳೆದುಕೊಂಡವರ ಋಣ ನಮ್ಮ ಮೇಲೂ ಇದೆ. ನಂಜನಗೂಡಿನ ಕಡೆಯ ಬಯಲುಗಳಿಗೆ ನಾಲೆಯಲ್ಲಿ ಹರಿಯುವುದು ಕಬಿನಿಯ ನೀರು. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನ ಅಡಿಯಲ್ಲಿ ಊರುಗಳಿವೆ, ದೇವರ ಗುಡಿಗಳಿವೆ, ಕಾಡಿನ ಜನ ಬಿಟ್ಟು ಬಂದ ಹಾಡಿಗಳಿವೆ. ಮುಳುಗಡೆಯನ್ನು ಕನ್ನಡ ಸಿನಿಮಾ ನೋಡದೆ ಬಿಟ್ಟಿಲ್ಲ: ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ 2002ರಲ್ಲಿ ‘ದ್ವೀಪ’ ಮಾಡಿದರು, ನಾಗಿಯಾಗಿ ಸೌಂದರ್ಯ ಆ ಮಳೆಯಲ್ಲಿ ನೆನೆದು ನಿಂತದ್ದನ್ನು ಮರೆಯಲಾಗದು. ಅದು ಮಹಾ ಕಲಾವಿದರ ಕೈಯ ಕೆಲಸ. ಮುಳುಗಿದ ಊರಿನ ಮೊಮ್ಮಕ್ಕಳೇ ಕ್ಯಾಮೆರಾ ಹಿಡಿದರೆ ಏನು ಕಾಣುತ್ತದೆ ಎಂಬುದು ಬೇರೆಯೇ ಕುತೂಹಲ.

ಇಂಥ ಕೆಲಸಕ್ಕೆ ಒಂದು ಹಳೆಯ ದಾರಿ ಇದೆ. 1967ರಲ್ಲಿ ಕೆನಡಾದ ಫೋಗೊ ದ್ವೀಪದಲ್ಲಿ ಮೀನುಗಾರರನ್ನು ಒಕ್ಕಲೆಬ್ಬಿಸುವ ಮಾತು ನಡೆದಿತ್ತು. ನಿರ್ದೇಶಕ ಕಾಲಿನ್ ಲೋ ಅಲ್ಲಿಗೆ ಹೋಗಿ ಅವರ ಮಾತು, ಮದುವೆ, ಹಾಡು, ಜಗಳ ಎಲ್ಲವನ್ನೂ ಸಣ್ಣ ಸಣ್ಣ ಚಿತ್ರಗಳಾಗಿ ತೆಗೆದು ಮೊದಲು ಅವರಿಗೇ ತೋರಿಸಿದರು. ಬೇರೆ ಬೇರೆ ಹಳ್ಳಿಗಳಲ್ಲಿ ಚದುರಿದ್ದವರು ಒಬ್ಬರ ಮಾತನ್ನು ಇನ್ನೊಬ್ಬರು ಪರದೆಯ ಮೇಲೆ ಕೇಳಿ ಒಂದಾದರು, ಸಹಕಾರ ಸಂಘ ಕಟ್ಟಿದರು, ದ್ವೀಪ ಉಳಿಯಿತು. ಇದೇ ನಂಬಿಕೆಯ ಮೇಲೆ ಕೀನ್ಯಾದ ಕಾಕುಮಾ, ದಾದಾಬ್ ಶಿಬಿರಗಳಲ್ಲಿ ಫಿಲ್ಮ್‌ಏಡ್ ಸಂಸ್ಥೆ ಎಳೆಯರಿಗೆ ಚಿತ್ರ ನಿರ್ಮಾಣ ಕಲಿಸಿ, ಅವರ ಚಿತ್ರಗಳನ್ನು ಶಿಬಿರದವರ ಮುಂದೆಯೇ ತೋರಿಸುವ ಉತ್ಸವ ನಡೆಸಿತು. ಕಲಿಸುವ ವಿದ್ಯೆ ದೊಡ್ಡದೇನಲ್ಲ. ಫೋನನ್ನು ಅಡ್ಡಲಾಗಿ ಹಿಡಿಯುವುದು, ಗಾಳಿಗೆ ಬೆನ್ನು ಕೊಟ್ಟು ದನಿ ಹಿಡಿಯುವುದು, ಉತ್ತರ ಮುಗಿದ ಮೇಲೂ ಒಂದಿಷ್ಟು ಹೊತ್ತು ಬಟನ್ ಒತ್ತದೆ ಇರುವುದು. ಈ ಕೊನೆಯದೇ ಕಷ್ಟ. ಒಳ್ಳೆಯ ಮಾತು ಆ ತಡೆಯಲ್ಲೇ ಬರುತ್ತದೆ.

ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ಒಟ್ಟಿಗೆ ನಾಟಕ ಕಟ್ಟುವುದನ್ನು ಕಂಡವರಿಗೆ ನಮ್ಮ ಕಡೆಯ ಮಕ್ಕಳು ಕೂಡಿ ಚಿತ್ರ ಮಾಡುವುದು ಹೊಸದೆನಿಸದು. ಬಿಳಿಗೆರೆಯ ಐದಾರು ಮಕ್ಕಳು, ಗುರುಪುರ ಕ್ಯಾಂಪಿನ ಐದಾರು ಮಕ್ಕಳು ಕೂಡಿ ಒಂದು ಚಿತ್ರ ಮಾಡಲಿ. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಕನ್ನಡ ಬಲ್ಲವರಿದ್ದರೆ ದುಭಾಷಿ ಬೇಡ. ಮೊದಲು ಕ್ಯಾಮೆರಾ ಅದಲು ಬದಲಾಗಲಿ: ಅವರು ನಮ್ಮ ಊರನ್ನು ತೆಗೆಯಲಿ, ರಸ್ತೆಯ ಮೇಲೆ ಹರಡಿದ ಹುರುಳಿ, ನಾಲೆಯ ಏರಿ, ಗುಡಿಯ ಮುಂದಿನ ಅಡ್ಡೆ. ನಮ್ಮವರು ಅವರ ಜೋಳದ ಹೊಲ, ಪ್ರಾರ್ಥನೆಯ ಬಾವುಟ, ಸ್ವೆಟರ್ ಮೂಟೆ ಕಟ್ಟುವ ಸಂಜೆಯನ್ನು ತೆಗೆಯಲಿ. ಆಮೇಲೆ ಇಬ್ಬರೂ ಕೂಡಿ ಎರಡು ಕಡೆಯ ಹಿರಿಯರ ಬಳಿ ಹೋಗಲಿ: ಟಿಬೆಟಿನಿಂದ ನಡೆದು ಬಂದ ಅಜ್ಜಿ, ಕಬಿನಿಯ ಹಿನ್ನೀರಿಗೆ ಮನೆ ಬಿಟ್ಟ ಅಜ್ಜ. ತಡ ಮಾಡುವ ಹಾಗಿಲ್ಲ. 1959ರಲ್ಲಿ ಟಿಬೆಟ್ ಬಿಟ್ಟು ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಎಚ್ಚರವೂ ಬೇಕು: ಟಿಬೆಟಿನಲ್ಲಿ ಇನ್ನೂ ಬಂಧುಗಳಿರುವವರ ಮುಖ, ಹೆಸರು, ಊರು ಹೊರಬೀಳುವುದು ಅಲ್ಲಿರುವವರಿಗೆ ಅಪಾಯ ತಂದೀತು. ಬೇಡ ಅಂದವರ ಕೈಗಳನ್ನಷ್ಟೇ ತೆಗೆದರೂ ಸಾಕು. ಚಹಾಕ್ಕೆ ಬೆಣ್ಣೆ ಹಾಕಿ ಕಡೆಯುವ ಕೈ ಮುಖದಷ್ಟೇ ಮಾತಾಡುತ್ತದೆ.

ಮೊದಲ ಪ್ರದರ್ಶನ ಗುರುಪುರದ ಕ್ಯಾಂಪಿನಲ್ಲೇ ಆಗಬೇಕು. ಕಥೆ ಹೇಳಿದ ಅಜ್ಜಿಯೂ ಮುಳುಗಡೆಯ ಅಜ್ಜನೂ ಮುಂದಿನ ಸಾಲಿನಲ್ಲಿರಬೇಕು, ಅವರು ‘ಇದನ್ನು ತೆಗೆದುಬಿಡಿ ಮಕ್ಕಳಾ’ ಅಂದದ್ದನ್ನು ಮಕ್ಕಳು ಚಕಾರವೆತ್ತದೆ ತೆಗೆದುಬಿಡಬೇಕು. ಎರಡನೆಯದು ಬಿಳಿಗೆರೆಯಲ್ಲಿ, ಬಯಲಲ್ಲಿ ಪರದೆ ಕಟ್ಟಿ. ರಂಗಾಯಣದ ಬಹುರೂಪಿ ನಾಟಕೋತ್ಸವದ ಚಲನಚಿತ್ರೋತ್ಸವಕ್ಕೆ ಕಳಿಸುವ ಮಾತು ಅದಾದ ಮೇಲೆ ಆಡಿದರಾಯಿತು.