ಮರಿಮುದ್ದೆ

ಸಂಜೆ ಡೇರಿಗೆ ಹಾಲು ಹಾಕಿ ಬಂದ ಅಮ್ಮ ಒಲೆಯ ಮೇಲೆ ಎಸರಿಡುತ್ತಾಳೆ. ಹೋಂವರ್ಕ್ ಮುಗಿಸಿದ ಮಗಳು ಪಕ್ಕಕ್ಕೆ ಬಂದು ಕೂರುತ್ತಾಳೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆ ಇದು ದಿನನಿತ್ಯದ ನೋಟ. 1983ರ ಜ್ಞಾನಪೀಠ ಪಡೆದ ಕಥೆಗಾರ ಮಾಸ್ತಿಯವರ ಹೆಸರಿನಲ್ಲಿ ಈ ಊರನ್ನು ನಾಡೆಲ್ಲ ಬಲ್ಲದು. ಇಲ್ಲಿನ ರಾಗಿಮುದ್ದೆಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಮುದ್ದೆ ಸುಲಭ ಎನ್ನುವವರು ಅದನ್ನು ತೊಳಸಿ ನೋಡಿರುವುದಿಲ್ಲ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹೊಯ್ಯಬೇಕು. ಕೊತಕೊತ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈಯಾಡಿಸದೆ ಬೇಯಲು ಬಿಡಬೇಕು. ಅವಸರಪಟ್ಟರೆ ಗಂಟು ಖಚಿತ. ಆಮೇಲೆ ಕೋಲು ಹಿಡಿದು ತೊಳಸುವಾಗ ಅಮ್ಮನ ರಟ್ಟೆಯ ಬಲವೆಲ್ಲ ಪಾತ್ರೆಗಿಳಿಯುತ್ತದೆ. ಒದ್ದೆ ಬೆರಳಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಆ ಪರೀಕ್ಷೆ ಅಮ್ಮನದು. ನೀರಿನ ಬಟ್ಟಲು ಹಿಡಿಯುವುದು ಮಗಳ ಕೆಲಸ.

ಕೊನೆಯ ಹಿಡಿ ಹಿಟ್ಟು ಆರಿದ ಮೇಲೆ ಅವಳ ಅಂಗೈಗೆ ಬರುತ್ತದೆ. ನಿಂಬೆ ಗಾತ್ರದ ಮರಿಮುದ್ದೆ! ಬಿರುಕು ಬಿಟ್ಟರೆ ಕೈ ಒದ್ದೆ ಮಾಡಿಕೊಂಡು ಮತ್ತೆ ಉರುಳಿಸುತ್ತಾಳೆ.

ಕೋಲಾರ ಸೀಮೆಯ ಕೆಂಪು ಮಣ್ಣಿಗೆ ಒಗ್ಗಿದ ಬೆಳೆ ರಾಗಿ. ಭಾರತ, ಆಫ್ರಿಕಾಗಳ ರಾಗಿಯನ್ನು ಕೂಡಿಸಿ ವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ರೈತರ ಇಳುವರಿ ಹೆಚ್ಚಿಸಿದವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳೆಯುವ ಮಗುವಿನ ಮೂಳೆಗೆ ಬೇಕಾದದ್ದೇ ಅದು.

ಮುದ್ದೆಯ ಜೊತೆಗೆ ಸೊಪ್ಪಿನ ಬಸ್ಸಾರು. ಅದ್ದಿ, ಅಗಿಯದೆ ನುಂಗುವುದನ್ನೂ ಅಮ್ಮನೇ ಹೇಳಿಕೊಡಬೇಕು. ಮನೆಯಲ್ಲಿ ಮಗನಿದ್ದರೆ ಅವನನ್ನೂ ಒಲೆಯ ಹತ್ತಿರ ಕೂರಿಸಿಕೊಳ್ಳಿ.