ಗುಂಡು ಹಾರಿದ ಮೇಲಿನ ಖರ್ಚು

ಡಲ್ಲಾಸ್‌ನಲ್ಲಿ ನೆಲೆಸಿರುವ, ಈ ಅಂಕಣವನ್ನು ತಪ್ಪದೆ ಓದುವ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಮಾವ, ಗ್ರೀನ್ ಕಾರ್ಡ್ ಬಂತು, ಪಿಸ್ತೂಲು ತಗೊಂಡೆ. ಕಾನೂನು ರಕ್ಷಣೆಯ ಪ್ಲಾನ್ ಅಂತ ಒಂದಿದೆಯಂತೆ, ತಿಂಗಳಿಗೆ ಹತ್ತು-ಹನ್ನೆರಡು ಡಾಲರಿನಿಂದ ಶುರು. ತಗೊಳ್ಳಲಾ?"

ತಗೋ ಎಂದೆ. ಆದರೆ ಓದಿ ತಗೋ ಎಂದೆ. ಆ ಓದುವ ಭಾಗವನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ.

ಯುಎಸ್‌ಸಿಸಿಎ, ಯುಎಸ್ ಲಾಶೀಲ್ಡ್, ಸಿಸಿಡಬ್ಲ್ಯೂ ಸೇಫ್ ಇವೆಲ್ಲ ಆತ್ಮರಕ್ಷಣೆಗೆ ಗುಂಡು ಹಾರಿಸಿದವನ ವಕೀಲರ ಖರ್ಚು ನೋಡಿಕೊಳ್ಳುವ ಇಂಥ ಪ್ಲಾನ್ ಮಾರುವ ಅಮೆರಿಕದ ಸಂಸ್ಥೆಗಳು. ಕೆಲವು ಪ್ಲಾನ್‌ಗಳ ಹಿಂದೆ ವಿಮಾ ಕಂಪನಿಯ ಪಾಲಿಸಿ ಇರುತ್ತದೆ. ಕೆಲವು ಬರೀ ವಕೀಲರ ಸೇವೆಗೆ ಮುಂಗಡ ಕಟ್ಟುವ ಏರ್ಪಾಡು. ಇವು ಹುಟ್ಟಿದ್ದಕ್ಕೆ ಕಾರಣ ಸರಳ. ಅಲ್ಲಿ ಮನೆಗೆ ಮಾಡಿಸುವ ವಿಮೆ ಆಕಸ್ಮಿಕಕ್ಕೆ ಮಾತ್ರ. ಬೇಕೆಂದೇ ಮಾಡಿದ ಗಾಯಕ್ಕೆ ಅದು ಹಣ ಕೊಡುವುದಿಲ್ಲ. ಆತ್ಮರಕ್ಷಣೆಗೆಂದು ಹಾರಿಸಿದ ಗುಂಡಾದರೋ ಬೇಕೆಂದೇ ಹಾರಿಸಿದ್ದು. ಕೋರ್ಟಿನಲ್ಲಿ ನಿಂತು "ಹೌದು, ನಾನೇ ಹೊಡೆದೆ, ಹೊಡೆಯಲೇಬೇಕಿತ್ತು" ಎನ್ನಬೇಕು. ಕೆಲವು ಪಾಲಿಸಿಗಳಲ್ಲಿ ರಕ್ಷಣೆಗಾಗಿ ಬಳಸಿದ ಮಿತವಾದ ಬಲಕ್ಕೆ ರಿಯಾಯಿತಿ ಇದ್ದರೂ ಅದು ಗಾಯಗೊಂಡವರು ಹೂಡುವ ಸಿವಿಲ್ ದಾವೆಗಷ್ಟೇ ಆಗುತ್ತದೆ. ಕ್ರಿಮಿನಲ್ ವಕೀಲನ ಫೀಸು ಕೈಯಿಂದಲೇ ಹೋಗಬೇಕು. 1963ರ ಗಿಡಿಯನ್ ತೀರ್ಪಿನಿಂದಾಗಿ ಗತಿಯಿಲ್ಲದವನಿಗೆ ಸರ್ಕಾರವೇ ವಕೀಲನನ್ನು ಕೊಡುತ್ತದೆ, ಹಣವಂತ ತಾನೇ ಇಟ್ಟುಕೊಳ್ಳುತ್ತಾನೆ. ಸಂಬಳದವನು ಮನೆ ಮಾರುತ್ತಾನೆ. ವಿಸ್ಕಾನ್ಸಿನ್‌ನಲ್ಲಿ ಗುಂಡು ಹಾರಿಸಿ ಆತ್ಮರಕ್ಷಣೆಯೆಂದ ಕೈಲ್ ರಿಟನ್‌ಹೌಸ್‌ಗೆ 2020ರಲ್ಲಿ ನಿಗದಿಯಾದ ಜಾಮೀನು 20 ಲಕ್ಷ ಡಾಲರ್. ಮರುವರ್ಷದ ನವೆಂಬರಿನಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ವಿಚಾರಣೆಗೆ ಮುಂಚೆ ಅವನು ಜಾಮೀನಿನ ಮೇಲೆ ಹೊರಗೆ ಬಂದದ್ದು ದೇಣಿಗೆ ಹರಿದು ಬಂದದ್ದರಿಂದ. ಎಲ್ಲರಿಗೂ ದೇಣಿಗೆ ಬರುವುದಿಲ್ಲ.

ಇಂಥ ಪ್ಲಾನನ್ನು "ಕೊಲೆ ವಿಮೆ" ಎಂದು ಹಳಿದವರಿದ್ದಾರೆ. ಅಲ್ಲಿನ ಬಂದೂಕುದಾರರ ಸಂಘ ಎನ್‌ಆರ್‌ಎ 2017ರಲ್ಲಿ ಕ್ಯಾರಿ ಗಾರ್ಡ್ ಎಂಬ ಯೋಜನೆ ತಂದಾಗ ನ್ಯೂಯಾರ್ಕ್ ರಾಜ್ಯ ಬೆನ್ನು ಹತ್ತಿತು. 2018ರಲ್ಲಿ ಆ ಯೋಜನೆಯ ದಲ್ಲಾಳಿ ಲಾಕ್‌ಟನ್ 70 ಲಕ್ಷ, ವಿಮೆ ಕೊಟ್ಟ ಚಬ್ 13 ಲಕ್ಷ ಡಾಲರ್ ದಂಡ ತೆತ್ತವು. ಅಪರಾಧಕ್ಕೆ ವಿಮೆ ಇರಬಾರದು ಎಂಬ ನ್ಯೂಯಾರ್ಕಿನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತೀರ್ಪಿಗೆ ಮುಂಚೆ ವಕೀಲನಿಗೆ ಕೊಡುವ ಹಣವನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ. ಆರೋಪಿಗೆ ವಕೀಲ ಬೇಕು ಎಂಬುದರಲ್ಲಿ ನಾಚುವಂಥದ್ದೇನಿಲ್ಲ.

ನನ್ನ ಜಗಳ ಇರುವುದು ಬೇರೆಯವರ ಜೊತೆ. ಹತ್ತು ಗಜದಲ್ಲಿ ಕಾಗದದ ಮನುಷ್ಯನಿಗೆ ದಬದಬನೆ ಹೊಡೆಸಿ, ಸೊಂಟಕ್ಕೆ ಚೀಲ ಕಟ್ಟಿಸಿ, "ಮಿಕ್ಕಿದ್ದನ್ನು ನಮ್ಮ ಪ್ಲಾನ್ ನೋಡಿಕೊಳ್ಳುತ್ತದೆ" ಎಂದು ಕಳಿಸುವ ತರಬೇತುದಾರರ ಪಂಥವೊಂದಿದೆ. ಈಗ ನಮ್ಮ ಹುಡುಗರೂ ಅವರ ವಿಡಿಯೋ ನೋಡಿ ಕೋವಿ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡಿದ್ದಾರೆ. ಹೊಡೆಯುವುದನ್ನು ಕಲಿಸುವ ಮೊದಲು ಹೊಡೆಯದಿರುವುದನ್ನು ಕಲಿಸಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. 2018ರಲ್ಲಿ ಲೂಸಿಯಾನದ ಮಹಿಳೆಯೊಬ್ಬಳು ಬೇರೆಯಾಗಿದ್ದ ಗಂಡನನ್ನು ಅಂಗಡಿಯ ಪಾರ್ಕಿಂಗ್‌ನಲ್ಲಿ ಗುಂಡಿಕ್ಕಿ ಕೊಂದಳು. ಅದಕ್ಕೆ ತುಸು ಮುಂಚೆಯಷ್ಟೇ ಇಂಥ ರಕ್ಷಣೆ ಕೊಂಡಿದ್ದಳು. ಪ್ರಾಸಿಕ್ಯೂಷನ್ ಅದನ್ನೇ ಮುಂದಿಟ್ಟು, ಮೊದಲೇ ಯೋಚಿಸಿ ಮಾಡಿದ ಕೊಲೆ ಎಂದು ವಾದಿಸಿತು. 2022ರಲ್ಲಿ ಶಿಕ್ಷೆಯಾಯಿತು. ಯಾರೊಂದಿಗೋ ಜಗಳವಾದ ಮೇಲೆ ಕೊಂಡ ಪ್ಲಾನ್ ರಕ್ಷಣೆಯಾಗದೆ ಸಾಕ್ಷಿಯಾಗುತ್ತದೆ.

ಹುಡುಗನಿಗೆ ಹೇಳಿದ್ದು ಇಷ್ಟು. ವಕೀಲನನ್ನು ಆರಿಸುವವರು ಯಾರು, ನೀನೋ ಕಂಪನಿಯೋ? ಹಣ ಮೊದಲ ದಿನವೇ ಬರುತ್ತದೋ, ಖುಲಾಸೆಯಾದ ಮೇಲೋ? ಹಳೆಯ ಕೆಲವು ಪಾಲಿಸಿಗಳು ಗೆದ್ದು ಬಂದವನಿಗಷ್ಟೇ ಖರ್ಚು ಹಿಂತಿರುಗಿಸುತ್ತಿದ್ದವು. ಬೇಡಿ ಬಿದ್ದ ರಾತ್ರಿ ಅದರಿಂದ ಏನು ಪ್ರಯೋಜನ? ಶಿಕ್ಷೆಯಾದರೆ ಕೊಟ್ಟದ್ದನ್ನು ವಾಪಸ್ ಕೇಳುತ್ತಾರೋ? ಮನೆಯವರ ನಡುವಿನ ಘಟನೆಗೆ ಅನ್ವಯಿಸುತ್ತದೋ? ಇದನ್ನೆಲ್ಲ ಅವರ ಕೈಯಿಂದ ಬರವಣಿಗೆಯಲ್ಲಿ ತಗೋ. ಇನ್ನೊಂದು, ನಮ್ಮವರಿಗೆ ಮಾತ್ರ ಹೊಳೆಯಬೇಕಾದ್ದು: ಗ್ರೀನ್ ಕಾರ್ಡ್‌ನವನಿಗೆ ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಾಗಬಹುದು. ಇಮಿಗ್ರೇಷನ್ ವಕೀಲನ ಖರ್ಚು ಪ್ಲಾನಿನಲ್ಲಿ ಇದೆಯೇ ಎಂದು ಕೇಳು. ಎಚ್-1ಬಿ ವೀಸಾದಲ್ಲಿರುವ ಗೆಳೆಯರಿಗೂ ತಿಳಿಸು. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಅದರಿಂದ ಯಾವ ಪ್ಲಾನೂ ಕಾಯುವುದಿಲ್ಲ.

ಫೋನ್ ಇಟ್ಟ ಮೇಲೆ ಮನಸ್ಸು ಇಲ್ಲಿಗೇ, ಕೊಡಗಿಗೇ ಬಂತು. ನಮ್ಮ ಕೋವಿಗೆ ಯಾರಿದ್ದಾರೆ?

ಹಕ್ಕಿನ ಮಾತಿಗೆ ಬಂದರೆ, ಭಾರತದ ದಂಡಸಂಹಿತೆಯ 1837ರ ಕರಡಿಗೆ ಅದನ್ನು ರೂಪಿಸಿದ ಮೆಕಾಲೆ ಬರೆದ ಟಿಪ್ಪಣಿಗಳನ್ನು ನಾನು ಆಗಾಗ ತೆರೆಯುತ್ತೇನೆ. ಖಾಸಗಿ ರಕ್ಷಣೆಯ ಹಕ್ಕಿನ ಬಗ್ಗೆ ಅವನ ವಾದ ಹೀಗಿದೆ: ಕೈಮೀರುವ ಸ್ವಭಾವದ ಧೀರ ಜನಕ್ಕೆ ಕಾನೂನು ಬರೆಯುತ್ತಿದ್ದರೆ ಇನ್ನಷ್ಟು ಕಟ್ಟುಪಾಡು ಹಾಕುತ್ತಿದ್ದೆವು, ಈ ದೇಶದಲ್ಲಾದರೆ ಜನ ಡಕಾಯಿತರ ಹಾವಳಿಯನ್ನೂ ಸಹಿಸಿಕೊಂಡು ಕೂರುತ್ತಾರೆ, ಅದೇ ದೊಡ್ಡ ಅಪಾಯ, ಹಾಗಾಗಿ ಕಡಿವಾಣ ಬಿಗಿಯುವ ಬದಲು ಅವರಲ್ಲಿ ಕೆಚ್ಚು ಹುಟ್ಟಿಸಬೇಕು. ಕೊಡಗನ್ನು ಕಂಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಆದರೂ ಅವನು ಕೊಟ್ಟ ಹಕ್ಕು ವಿಶಾಲವಾದದ್ದು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಸೆಕ್ಷನ್‌ಗಳಲ್ಲಿದೆ, ಮಾತು ಹೆಚ್ಚೇನೂ ಬದಲಾಗಿಲ್ಲ.

ಹಕ್ಕು ಇದೆ, ಸಾಬೀತು ಮಾಡುವ ಹೊರೆ ಆರೋಪಿಯ ಮೇಲಿದೆ. ಕೇರಳದ ಜೇಮ್ಸ್ ಮಾರ್ಟಿನ್ ಪ್ರಕರಣವನ್ನು ಕೋವಿ ಇರುವ ಪ್ರತಿಯೊಬ್ಬರೂ ಓದಬೇಕು. 1988ರ ಮಾರ್ಚ್ 15, ಭಾರತ್ ಬಂದ್. ಹಿಟ್ಟಿನ ಮಿಲ್ಲು ಮುಚ್ಚಿಸಲು ಒಂದು ಗುಂಪು ಕಾಂಪೌಂಡಿನೊಳಗೆ ನುಗ್ಗಿತು. ಗುಂಡು ಹಾರಿತು, ಇಬ್ಬರು ಸತ್ತರು. ಕೆಳಗಿನ ಕೋರ್ಟೂ ಹೈಕೋರ್ಟೂ ಮಾರ್ಟಿನ್‌ನನ್ನು ತಪ್ಪಿತಸ್ಥನೆಂದವು. ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದು 2003ರ ಡಿಸೆಂಬರ್ 16ರಂದು. ಹದಿನೈದು ವರ್ಷ ದಾಟಿತ್ತು. ಆ ಹದಿನೈದು ವರ್ಷದ ವಕೀಲರ ಫೀಸನ್ನು ಯಾವ ಕಾಫಿ ತೋಟ ತಡೆಯುತ್ತದೆ?

ಇಲ್ಲಿ ಅಂಥ ಪ್ಲಾನ್ ಮಾರುವವರಿಲ್ಲ. ವಕೀಲರು ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬಾರದೆಂಬುದು ಬಾರ್ ಕೌನ್ಸಿಲ್ ನಿಯಮ. ಕಸ್ಟಡಿಯಲ್ಲಿರುವವರಂಥ ಕೆಲವರನ್ನು ಬಿಟ್ಟರೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇದೆ, ಐದೆಕರೆ ಕಾಫಿ ಇರುವವನು ಅದರಾಚೆ ನಿಂತಿರುತ್ತಾನೆ. ಕೋವಿಯ ಗತಿಯೂ ಅಷ್ಟೆ: ಮಹಜರು ಮುಗಿದೊಡನೆ ಕೋವಿ, ಹಾರಿದ ತೋಟಾದ ಖಾಲಿ ಕೊಳವೆ ಎಲ್ಲ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಕೇಸು ಮುಗಿಯುವ ತನಕ ಕೋವಿಗೆ ಎಣ್ಣೆ ಕಾಣಿಸುವವರಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಒಂದೇ ವರ್ಷ ಸಾಕು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ಸಿಡುಬಿನ ಕಲೆಯಂಥ ತುಕ್ಕಿನ ಗುಂಡಿಗಳು. ಕೋವಿ ಪೂಜೆಯ ಹಬ್ಬ ಕೈಲ್‌ಪೊದಿಗೆ ತಲೆಮಾರುಗಳಿಂದ ಹೂವು ಕಂಡ ಜೋಡಿ ನಳಿಗೆಯೊಂದು ಹಾಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1861ರಲ್ಲಿ ಕಮಿಷನರ್ ಕಬ್ಬನ್ ಕಾಲದಲ್ಲಿ ಕೊಡಗಿಗೆ ಬಂದ, ಕೋವಿ ಲೈಸೆನ್ಸಿನ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಕೇಂದ್ರ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಹಾರಿಸಿದ ಮೇಲೆ ಕೊಡವನಿಗೂ ಜಮ್ಮಾ ಹಿಡುವಳಿದಾರನಿಗೂ ಬಯಲುಸೀಮೆಯ ಲೈಸೆನ್ಸ್‌ದಾರನಿಗೂ ಕಾನೂನು ಒಂದೇ. ಪ್ರಾಣಿಯ ವಿಷಯದಲ್ಲೂ ನೆನಪಿರಲಿ: ವನ್ಯಜೀವಿ ಕಾಯ್ದೆಯ 11ನೆಯ ಸೆಕ್ಷನ್ ಮನ್ನಿಸುವುದು ಪ್ರಾಣ ಉಳಿಸಿಕೊಳ್ಳಲು ಹಾರಿಸಿದ ಗುಂಡನ್ನು. ಬಾಳೆ, ಭತ್ತ ಉಳಿಸಿಕೊಳ್ಳಲು ಆನೆಗೆ ಹೊಡೆದವನಿಗೆ ಅದರ ಆಸರೆ ಇಲ್ಲ.

ಕೊಡವ ಸಮಾಜಗಳಿಗೂ ಬೆಳೆಗಾರರ ಸಂಘಗಳಿಗೂ ನನ್ನ ಕೋರಿಕೆ ಇದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಕ್ರಿಮಿನಲ್ ಕೇಸು ಬಲ್ಲ ಇಬ್ಬಿಬ್ಬರು ವಕೀಲರನ್ನು ಗೊತ್ತುಮಾಡಿ, ಅವರ ನಂಬರನ್ನು ಸದಸ್ಯರಿಗೆ ಹಂಚಿ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣದ ಜೊತೆ ಸ್ವಲ್ಪ ಸೇರಿಸಿ ನಿಧಿಯೊಂದನ್ನು ಕಟ್ಟಿ. ಅದರಿಂದ ಮೊದಲ ಜಾಮೀನಿನ ಖರ್ಚು ಸಿಗಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ.